ರಾಷ್ಟ್ರೀಯ ಭದ್ರತಾ ಪಡೆಯೂ ಗೃಹಸ್ಥರ ಕರ್ತವ್ಯವೂ

ಗೌರಿಬಿದನೂರಿನ ರೈಲುದಾರಿಯೂ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳನ್ನು ಹಾದುಬರುವ ರೈಲುದಾರಿಯೂ ಯಲಹಂಕದಲ್ಲಿ ಕೂಡುವುವು. ವ್ಯಾಪಾರಕ್ಕೋ ವಿದ್ಯಾಭ್ಯಾಸಕ್ಕೋ ಬೆಂಗಳೂರಿಗೆ ಹೋಗಿಬರುವ ನಮ್ಮ ಸೀಮೆಯವರಿಗೆ ಚಿರಪರಿಚಿತವಾದ ಆ ಊರಿನ ಉಪನಗರದಲ್ಲಿ ಒಂದು ರಸ್ತೆಗೆ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಎಂಬ ಹೆಸರನ್ನಿಟ್ಟಿರುವರು. ಈ ವೀರನು ಯಾರು, ಆತನಿದ್ದ ಪಡೆಯು ಎಂತಹುದು ಎಂದು ಮನೆಯ ಮಕ್ಕಳು ಕೇಳಿದರೆ ಹಿರಿಯರು ಹೇಳಬಲ್ಲವರಾಗಿರಬೇಕು. ಆದುದರಿಂದ ಈ ತಿಂಗಳು ಆ ವಿಷಯವನ್ನೇ ಎತ್ತಿಕೊಂಡಿರುವೆವು.

1984ರ ಜೂನ್ ತಿಂಗಳಲ್ಲಿ ಅಮೃತಸರದ ಸ್ವರ್ಣಮಂದಿರದಲ್ಲಿ ನಡೆದ ಸೈನಿಕ ಕಾರ್ಯಾಚರಣೆಯಲ್ಲಿ ಪ್ರಾಣಹಾನಿಯು ವಿಶೇಷವಾಯಿತು. ಜನರ ನಡುವೆ ಅಡಗಿದ ಶತ್ರುವನ್ನು ಹಿಡಿಯಲು ದೊಡ್ಡ ಸೈನ್ಯಕ್ಕಿಂತ, ಅದಕ್ಕೆಂದೇ ಪಳಗಿದ ಚಿಕ್ಕ ಪಡೆಯು ಮೇಲೆಂದು ಸರಕಾರದವರಿಗೆ ತೋರಿತು. ಅದೇ ವರ್ಷ ರಾಷ್ಟ್ರೀಯ ಭದ್ರತಾ ಪಡೆ, ಎಂದರೆ ಎನ್.ಎಸ್.ಜಿ., ಸ್ಥಾಪಿತವಾಯಿತು, 1986ರಲ್ಲಿ ಅದಕ್ಕೆ ಕಾನೂನಿನ ಆಧಾರವೂ ದೊರೆಯಿತು. ಒತ್ತೆಯಾಳುಗಳ ಬಿಡುಗಡೆ, ವಿಮಾನಾಪಹರಣದ ನಿವಾರಣೆ, ಬಾಂಬುಗಳನ್ನು ನಿಷ್ಕ್ರಿಯಗೊಳಿಸುವುದು ಇದರ ಮುಖ್ಯ ಕಾರ್ಯಗಳು.

ಈ ಪಡೆಯು ಕೇಂದ್ರದ ಗೃಹಸಚಿವಾಲಯಕ್ಕೆ ಅಧೀನವಾದುದು. ಇದರ ಒಂದು ಅಂಗದವರು ಭೂಸೇನೆಯಿಂದಲೂ, ಇನ್ನೊಂದು ಅಂಗದವರು ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಿಂದಲೂ ಬರುವರು. ಹರಿಯಾಣದ ಮಾನೇಸರದಲ್ಲಿ ಕಠಿಣ ಶಿಕ್ಷಣ ಪಡೆದು, ಕೆಲವು ವರ್ಷ ಸೇವೆಮಾಡಿ, ತಮ್ಮ ಮೂಲಪಡೆಗೆ ಮರಳುವರು. ಯೋಧರನ್ನು ಹೊರಗಿನಿಂದ ನೇರವಾಗಿ ಸೇರಿಸಿಕೊಳ್ಳುವ ಪದ್ಧತಿ ಇಲ್ಲಿಲ್ಲ. ಹಣ ಕೊಟ್ಟರೆ ಈ ಪಡೆಯ ಯೋಧನನ್ನಾಗಿ ಮಾಡಿಸುವೆನೆಂದು ಯಾರಾದರೂ ಹೇಳಿದರೆ ತಾಯಿತಂದೆಗಳು ನಂಬತಕ್ಕದ್ದಲ್ಲ.

2008ನೆಯ ನವೆಂಬರ್ 26ರ ರಾತ್ರಿ ಮುಂಬಯಿಯ ಮೇಲೆ ಭಯೋತ್ಪಾದಕರು ಬಿದ್ದರು. ಪಡೆಯು ದೆಹಲಿಯಿಂದ ವಿಮಾನದಲ್ಲಿ ಹೊರಟು ಅಲ್ಲಿಗೆ ತಲುಪುವ ಹೊತ್ತಿಗೆ ರಾತ್ರಿ ಕಳೆದಿತ್ತು. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪನು ತಾಜ್ ಹೋಟೆಲಿನಲ್ಲಿ, ಗಾಯಗೊಂಡ ಜೊತೆಗಾರನನ್ನು ಹೊರಗೆ ಸಾಗಿಸಿ, ತಾನು ಶತ್ರುಗಳನ್ನು ಬೆನ್ನಟ್ಟಿ 28ರಂದು ಮಡಿದನು. ಆಗ ಆತನಿಗೆ 31 ವರ್ಷ. 2009ರಲ್ಲಿ ಆತನಿಗೆ ಅಶೋಕಚಕ್ರವು ಮರಣೋತ್ತರವಾಗಿ ಸಂದಿತು.

ಆದರೆ ಪಡೆಯು ಬರುವ ಮೊದಲು, ಅದೇ ಮೊದಲ ರಾತ್ರಿಯಲ್ಲಿ, ಹಂತಕನೊಬ್ಬನು ಜೀವಸಹಿತ ಸೆರೆಸಿಕ್ಕಿದ್ದು ಯಾರಿಂದ? ಲಾಠಿಯೊಂದನ್ನೇ ಹಿಡಿದಿದ್ದ ಮುಂಬಯಿ ಪೊಲೀಸಿನ ತುಕಾರಾಮ ಓಂಬಳೆಯಿಂದ. ಗುಂಡುಗಳು ಮೈಯನ್ನು ತೂರಿದರೂ ಆತನು ಹಿಡಿದ ಬಂದೂಕವನ್ನು ಬಿಡಲಿಲ್ಲ, ಪ್ರಾಣವನ್ನೇ ಬಿಟ್ಟನು.

ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬುದನ್ನು ಅಂದು ದೇಶವು ಕಲಿಯಿತು. 2009ರಲ್ಲಿ ಮುಂಬಯಿ, ಚೆನ್ನೈ, ಹೈದರಾಬಾದು, ಕೋಲ್ಕತ್ತಗಳಲ್ಲಿ ಪಡೆಯ ಪ್ರಾದೇಶಿಕ ಕೇಂದ್ರಗಳಾದುವು. ಕರ್ನಾಟಕವೂ ತನ್ನದೇ ಆದ ‘ಗರುಡ’ ಪಡೆಯನ್ನು ಕಟ್ಟಿಕೊಂಡಿತು. ಆದರೂ ನಮ್ಮ ಸಂತೆಯಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ, ಜಾತ್ರೆಯಲ್ಲಿ ಅನಾಹುತವೊದಗಿದರೆ ಮೊದಲು ಬರುವವನು ನಮ್ಮ ಠಾಣೆಯ ಪೇದೆಯೇ. ಅವನಿಗೆ ತಕ್ಕ ಶಿಕ್ಷಣವೂ ಸಲಕರಣೆಯೂ ಇರಬೇಕೆಂದು ಕೇಳುವುದು ನಮ್ಮ ಹಕ್ಕು.

ಗೃಹಸ್ಥರಿಗೂ ಕರ್ತವ್ಯವುಂಟು. ವಾರಸುದಾರರಿಲ್ಲದ ಗಂಟನ್ನು ಮುಟ್ಟದೆ, ದೂರ ಸರಿದು, 112ಕ್ಕೆ ತಿಳಿಸುವುದು ಮೊದಲನೆಯದು. ಎರಡನೆಯದು, ಕಂಡುದನ್ನೆಲ್ಲ ಊರಿಗೆ ಸಾರದಿರುವುದು. ಮುಂಬಯಿಯ ಕಾರ್ಯಾಚರಣೆಯನ್ನು ದೂರದರ್ಶನ ವಾಹಿನಿಗಳು ನಡೆದಂತೆಯೇ ತೋರಿಸಿ ಯೋಧರನ್ನು ಅಪಾಯಕ್ಕೀಡುಮಾಡಿದುವೆಂದು ಸುಪ್ರೀಂ ಕೋರ್ಟು 2012ರಲ್ಲಿ ಖಂಡಿಸಿತು. ಇಂದು ಪ್ರತಿಯೊಬ್ಬರ ಕೈಯಲ್ಲಿಯೂ ಮೊಬೈಲಿರುವುದರಿಂದ ಆ ಮಾತು ಪ್ರತಿಯೊಂದು ಮನೆಗೂ ಸಲ್ಲುವುದು. ಯೋಧನ ಹೆಸರನ್ನು ರಸ್ತೆಗಿಟ್ಟು ಗೌರವಿಸಿದ ನಾವು, ಅವನಂತಹ ಇನ್ನೊಬ್ಬನು ನಮ್ಮ ಅವಿವೇಕದಿಂದ ಮಡಿಯದಂತೆ ನೋಡಿಕೊಳ್ಳತಕ್ಕದ್ದು.