ರೀಸ್ಲಿಂಗ್ ಅಂದ್ರೆ ಕ್ಲಾಸ್, ಕಳ್ಳು ಅಂದ್ರೆ ನಗುವಾ?

1/7
ಮೊನ್ನೆ ಭಾನುವಾರ ಎರಡು ಬಾಟಲಿಯ ಫೋಟೋ ಹಾಕಿದ್ದೆ, ನೆನಪುಂಟಾ? ಒಂದು ಜರ್ಮನಿಯ ಮೋಸೆಲ್ ಕಣಿವೆಯ ರೀಸ್ಲಿಂಗ್, ಇನ್ನೊಂದು ಆಸ್ಟ್ರಿಯಾದ ವಾಖಾವ್‌ನದ್ದು. ಕೆಳಗೆ ನಿಮ್ಮ ಕಮೆಂಟುಗಳು: "ಕ್ಲಾಸ್ ಮಾರಾಯ", "ನಿನ್ನ ಲೆವೆಲ್ಲೇ ಬೇರೆ". ಖುಷಿ ಆಯ್ತು, ಸುಳ್ಳು ಹೇಳೋದಿಲ್ಲ.

ಹೋದ ವರ್ಷ ಇದೇ ಪೇಜಲ್ಲಿ ನಮ್ಮಜ್ಜನ ಮೂರ್ತೆ ಕತ್ತಿಯ ಫೋಟೋ ಹಾಕಿದ್ದೆ. ಅದರ ಕಮೆಂಟುಗಳೂ ಹಾಗೇ ಉಂಟು, ಹೋಗಿ ನೋಡಿ: "ಕುಡುಕರ ಫ್ಯಾಮಿಲಿ", "ಸಂಜೆ ಗಡಂಗಲ್ಲಿ ಸಿಗುವಾ". ಬರೆದವರು ಹೊರಗಿನವರಲ್ಲ, ನನ್ನ ಜೊತೆ ಒಂದೇ ಬೆಂಚಲ್ಲಿ ಕೂತವರು. ಹೆಸರು ಹಾಕೋದಿಲ್ಲ. ಆದ್ರೆ ಇವತ್ತು ಜಗಳ ಮಾಡದೆ ಬಿಡೋದೂ ಇಲ್ಲ.

ಒಂದು ಮಾತು ಮೊದಲೇ. ಇದು ಕುಡಿಯಿರಿ ಅಂತ ಹೇಳುವ ಪೋಸ್ಟ್ ಅಲ್ಲ, ವಯಸ್ಸಾಗದವರು ಮುಟ್ಟುವುದೇ ಬೇಡ. ಯಾರ ಕೆಲಸಕ್ಕೆ ನಾವು ಮರ್ಯಾದೆ ಕೊಡ್ತೇವೆ ಅನ್ನುವುದಷ್ಟೇ ಇಲ್ಲಿಯ ಪ್ರಶ್ನೆ.

2/7
ನಡೆದದ್ದು ಇಷ್ಟು. ದೊಡ್ಡಮ್ಮನ ಮಗ ಜರ್ಮನಿಯಲ್ಲಿ ಕೆಲಸದಲ್ಲಿದ್ದಾನೆ. ರಜೆಗೆ ಕುಕ್ಕುಂದೂರಿಗೆ ಬರುವಾಗ ಎರಡು ಬಾಟಲಿ ತಂದ. ಎರಡೂ ಒಂದೇ ದ್ರಾಕ್ಷಿ, ಬೇರೆ ಬೇರೆ ದೇಶ. "ಹೋಲಿಸಿ ನೋಡುವಾ" ಅಂದ. ಎರಡನ್ನೂ ಒಂದೇ ಫ್ರಿಜ್ಜಲ್ಲಿ ಅಷ್ಟೇ ಹೊತ್ತು ಇಟ್ಟೆವು. ಯಾವುದು ಯಾವುದು ಅಂತ ಗೊತ್ತಾಗದ ಹಾಗೆ ಬಾಟಲಿಗೆ ಪೇಪರ್ ಸುತ್ತಿದೆವು. ವೈನ್ ಗ್ಲಾಸ್ ಮನೆಯಲ್ಲಿ ಎಲ್ಲಿಂದ? ಸ್ಟೀಲ್ ಲೋಟ.

ಅಣ್ಣ ಮೊಬೈಲ್ ನೋಡಿ ಓದ್ತಾ ಇದ್ದ: "ಗ್ರೀನ್ ಆಪಲ್, ಲೈಮ್, ಪೆಟ್ರೋಲ್ ನೋಟ್". ನಾನೂ ಗಂಭೀರವಾಗಿ ತಲೆ ಆಡಿಸಿದೆ. ನಿಜ ಹೇಳ್ಬೇಕಾದ್ರೆ ಹಸಿರು ಸೇಬನ್ನು ನಾನು ಸರಿಯಾಗಿ ತಿಂದದ್ದೇ ಇಲ್ಲ.

ಅಜ್ಜಿ ಜಗಲಿಯಲ್ಲಿ ಕೂತಿದ್ದರು. "ನನಗೂ ಒಂದು ಚೂರು ಕೊಡಿ" ಅಂದರು. ಎರಡೂ ಲೋಟದಿಂದ ಒಂದೊಂದು ಗುಟುಕು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಉಂದು ಕಾಂಡೆದ, ಅವು ಬಯ್ಯದ." ಇದು ಬೆಳಗ್ಗಿನದ್ದು, ಅದು ಸಂಜೆಯದ್ದು.

ಅಣ್ಣ ನಕ್ಕ. "ಅಜ್ಜೀ, ಇದು ಕಳ್ಳಲ್ಲ." ನಾನೂ ನಕ್ಕೆ.

3/7
ರಾತ್ರಿ ಕೂತು ಓದಿದ ಮೇಲೆ ನಗು ನಿಂತಿತು. ಯಾಕೆಂದ್ರೆ ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ.

ಹುದುಗುವುದು ಅಂದ್ರೆ ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವುದು. ನಮ್ಮ ಮೋಸೆಲ್ ಬಾಟಲಿ ಕಾಬಿನೆಟ್ ದರ್ಜೆಯದ್ದು, ಆಲ್ಕೋಹಾಲ್ ಶೇ. 8 ಮಾತ್ರ. ಹುದುಗನ್ನು ನಡುವೆಯೇ ತಣ್ಣಗೆ ಮಾಡಿ ನಿಲ್ಲಿಸಿದ್ದರಿಂದ ದ್ರಾಕ್ಷಿಯ ಸಿಹಿ ಉಳಿದಿತ್ತು. (ಕಾಬಿನೆಟ್ ಅಂದ್ರೆ ಸಿಹಿ ಅಂತ ಅರ್ಥ ಅಲ್ಲ, ಕೊಯ್ಯುವಾಗ ಹಣ್ಣು ಎಷ್ಟು ಮಾಗಿತ್ತು ಅನ್ನುವ ಲೆಕ್ಕ ಅದು. ಸಿಹಿ ಉಳಿಸದೆ ಮಾಡಿದ್ದಕ್ಕೆ 'ಟ್ರೋಕನ್' ಅಂತ ಬರೀತಾರೆ.) ವಾಖಾವ್‌ನ ಸ್ಮರಾಗ್ಡ್ ಶೇ. 13. ಅದರಲ್ಲಿ ಹುದುಗು ಕೊನೆಯವರೆಗೆ ಓಡಿದೆ, ಸಿಹಿ ಹೋಗಿ ಹುಳಿ ಮತ್ತು ಖಡಕ್ ಉಳಿದಿದೆ.

ಬೆಳಗ್ಗೆ ಇಳಿಸಿದ ಕಳ್ಳು ಸಿಹಿ, ಸಂಜೆಗೆ ಹುಳಿ. ಸಂಗತಿ ಅದೇ. ಕುಡಿಕೆಯ ಒಳಗೆ ಸುಣ್ಣ ಬಳಿದರೆ ಹುದುಗು ತಡ ಆಗ್ತದೆ ಅಂತ ಅಜ್ಜನಿಗೆ ಯಾವ ಕಾಲೇಜೂ ಕಲಿಸಿರಲಿಲ್ಲ. ಕಾಸರಗೋಡಿನ ಸಿಪಿಸಿಆರ್‌ಐ ವಿಜ್ಞಾನಿಗಳು ತೆಂಗಿನ ರಸವನ್ನು ಐಸ್ ಇಟ್ಟ ಪೆಟ್ಟಿಗೆಯಲ್ಲಿ ಹುದುಗದಂತೆ ಹಿಡಿದು 'ಕಲ್ಪರಸ' ಅಂತ ಹೆಸರಿಟ್ಟದ್ದೂ ಇದೇ ತತ್ವದ ಮೇಲೆ.

ಮತ್ತೆ ಆ 'ಪೆಟ್ರೋಲ್ ನೋಟ್'? ಅಜ್ಜಿ ಲೋಟ ಮೂಸಿದ ಕೂಡಲೇ "ಚಿಮಣಿ ಎಣ್ಣೆ" ಅಂದಿದ್ದರು. ಹುಳಿಗೆ "ಬಿಂಬುಳಿ" ಅಂದರು. ಸಿಹಿಯದ್ದಕ್ಕೆ "ಪುನರ್ಪುಳಿ ಶರಬತ್ತಿಗೆ ಬೆಲ್ಲ ಹದವಾಗಿ ಬಿದ್ದ ಹಾಗೆ" ಅಂದರು. ಮಧ್ಯಾಹ್ನದ ಬಂಗುಡೆ ಪುಳಿಮುಂಚಿಗೆ ಆ ಸಿಹಿಯದ್ದೇ ಸರಿಹೋಯ್ತು. ಖಾರದ ಊಟಕ್ಕೆ ಸ್ವಲ್ಪ ಸಿಹಿ ಇರುವ ರೀಸ್ಲಿಂಗ್ ಅಂತ ವೈನ್ ಪುಸ್ತಕದವರೂ ಹೇಳ್ತಾರೆ. ಮೊಬೈಲ್ ನೋಡದೆ ರುಚಿ ಹೇಳಿದವರು ಆ ಮನೆಯಲ್ಲಿ ಒಬ್ಬರೇ.

4/7
ಈಗ ಮರ್ಯಾದೆಯ ವಿಷಯ.

ಮೋಸೆಲ್‌ನ ಕಾಲ್ಮೋಂಟ್ ಗುಡ್ಡದಲ್ಲಿ ದ್ರಾಕ್ಷಿ ತೋಟ ಕೆಲವು ಕಡೆ 60 ಡಿಗ್ರಿಗಿಂತ ಕಡಿದಾಗಿ ಉಂಟಂತೆ. ಅಲ್ಲಿ ಕೈಯಲ್ಲೇ ಕೊಯ್ಯುವ ಕೆಲಸ. ಆ ಫೋಟೋ ನೋಡಿ ನಾವೇ "ವಾವ್" ಅಂತೇವೆ. ನಮ್ಮೂರಲ್ಲಿ ಒಬ್ಬ ಮನುಷ್ಯ 90 ಡಿಗ್ರಿ ಮರ ಹತ್ತಿ, ಹೊಂಬಾಳೆಯನ್ನು ಹದವಾಗಿ ಬಡಿದು, ತುದಿ ಕೆತ್ತಿ, ರಸ ಇಳಿಸ್ತಾನೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಮಳೆಗೆ ಮರ ಜಾರ್ತದೆ ಅಂತ ಬಿಡುವ ಹಾಗಿಲ್ಲ, ಬಿಟ್ಟರೆ ಹೊಂಬಾಳೆ ಕೈಕೊಡ್ತದೆ. ಅದಕ್ಕೆ "ವಾವ್" ಇಲ್ಲ, "ಗಡಂಗಲ್ಲಿ ಸಿಗುವಾ".

ವಾಖಾವ್‌ನವರು ತಮ್ಮ ಒಳ್ಳೆಯ ವೈನಿಗೆ ಇಟ್ಟ 'ಸ್ಮರಾಗ್ಡ್' ಹೆಸರು ಅಲ್ಲಿಯ ತೋಟದ ಕಲ್ಲುಕಟ್ಟೆಯ ಮೇಲೆ ಬಿಸಿಲು ಕಾಯುವ ಹಸಿರು ಹಲ್ಲಿಯದ್ದು. ಅವರ ಹಲ್ಲಿಗೂ ಲೇಬಲ್ ಮೇಲೆ ಜಾಗ ಉಂಟು. ನಮ್ಮಲ್ಲಿ ಮನುಷ್ಯನಿಗೇ ಇಲ್ಲ.

5/7
ನೀವು ಎಂತ ಹೇಳ್ತೀರಿ ಅಂತ ಗೊತ್ತುಂಟು.

"ವೈನ್ ಇಟ್ಟಷ್ಟು ಚಂದ, ಕಳ್ಳು ನಾಡಿದ್ದಿಗೆ ವಿನೆಗರ್." ಒಪ್ಪಿದೆ. ಒಳ್ಳೆಯ ರೀಸ್ಲಿಂಗ್ ಹತ್ತಾರು ವರ್ಷ ಉಳೀತದೆ, ಅದು ಅದರ ಗುಣ. ಕಳ್ಳಿನ ಗುಣ ಅದು ಆ ದಿನದ್ದು ಅನ್ನುವುದೇ. ಮತ್ತೆ ಆ ಹುದುಗಿನಲ್ಲೇ ಅಲ್ವಾ ಕ್ರಿಸ್ಮಸ್ಸಿಗೆ ನೀವು ಹುಡುಕಿಕೊಂಡು ಹೋಗಿ ತಿನ್ನುವ ಸನ್ನ ಉಬ್ಬುವುದು?

"ಕುಡಿತದಿಂದ ಮನೆ ಹಾಳಾಗಿದೆ." ಇದನ್ನು ನನಗೆ ಹೇಳಬೇಡಿ. ಸ್ವಂತ ತಮ್ಮನನ್ನು ಗಡಂಗಿನಿಂದ ಎಳೆದು ತಂದವರು ನಮ್ಮಜ್ಜಿ. ಆದ್ರೆ ಶೇ. 13ರ ಬಾಟಲಿಯಿಂದಲೂ ಮನೆ ಹಾಳಾಗ್ತದೆ. ಅದನ್ನು ಮಾತ್ರ 'ಟೇಸ್ಟಿಂಗ್' ಅಂತ ಕರೆಯೋದು ಯಾಕೆ?

"ಕಳ್ಳಲ್ಲಿ ಕಲಬೆರಕೆ ಇರ್ತದೆ." 1985ರಲ್ಲಿ ಇದೇ ಆಸ್ಟ್ರಿಯಾದ ವೈನಲ್ಲಿ ಡೈಎಥಿಲೀನ್ ಗ್ಲೈಕಾಲ್ ಸಿಕ್ಕಿ ಜಗತ್ತೆಲ್ಲ ಸುದ್ದಿ ಆಗಿತ್ತು. ಅವರು ಕಠಿಣ ಕಾನೂನು ತಂದರು, ಪರೀಕ್ಷೆ ಬಿಗಿ ಮಾಡಿದರು, ತಲೆ ಎತ್ತಿದರು. ನಮ್ಮ ರಾಜ್ಯದಲ್ಲಿ 2004ರಲ್ಲಿ ಕಳ್ಳು ನಿಷೇಧವಾಯ್ತು, ಉಳಿದದ್ದು ಉಡುಪಿ, ದಕ್ಷಿಣ ಕನ್ನಡದಲ್ಲಿ ಮಾತ್ರ. ಉಳಿದ ಈ ಎರಡು ಜಿಲ್ಲೆಯ ಮಕ್ಕಳಾದ ನಾವೇ ಅದನ್ನು ನೋಡಿ ನಗುವುದು.

6/7
ಈಗ ನನ್ನ ತಪ್ಪು. ಡಿಗ್ರಿಗೆ ಸೇರುವಾಗ "ನಿಮ್ಮ ಮನೆಯವರ ಕಸುಬು ಎಂತ" ಅಂತ ಗೆಳೆಯರು ಕೇಳಿದ್ದಕ್ಕೆ "ಅಜ್ಜನದ್ದು ತೋಟ" ಅಂದಿದ್ದೆ. ತೋಟ ಬೇರೆಯವರದ್ದು. ಅಜ್ಜ ಅದರ ಮರ ಹತ್ತಿದವರು. ಅವರ ಎದೆಯ ಮೇಲೆ ಮರ ಉಜ್ಜಿ ಉಜ್ಜಿ ಗಟ್ಟಿಯಾದ ಚರ್ಮ ಇತ್ತು. ಸಣ್ಣವನಿದ್ದಾಗ ಅದರ ಮೇಲೆ ತಲೆ ಇಟ್ಟು ಮಲಗಿದವ ನಾನು. ದೊಡ್ಡವನಾದ ಮೇಲೆ ನಾಲ್ಕು ಜನರೆದುರು ಅದನ್ನೇ ಮುಚ್ಚಿಟ್ಟೆ. ಅಜ್ಜ ತೀರಿಕೊಂಡರು, ಆ ಸುಳ್ಳು ಹಾಗೇ ಉಳಿಯಿತು. ಮೊನ್ನೆ ಅಜ್ಜಿಯ ಮಾತಿಗೆ ನಕ್ಕದ್ದು ಅದೇ ಸುಳ್ಳಿನ ಬಾಕಿ.

ನೀವೂ ಕಡಿಮೆ ಇಲ್ಲ ಮಾರ್ರೆ. ಕಾರ್ಕಳದ ಕೋಟಿ ಚೆನ್ನಯ ಥೀಮ್ ಪಾರ್ಕಿನಲ್ಲಿ ಸೆಲ್ಫಿ ತೆಗೆದು ಹಾಕ್ತೀರಿ. ಪಾಡ್ದನದ ಸಾಯನ ಬೈದ್ಯರು ಕೈಯಲ್ಲಿ ಹಿಡಿದದ್ದು ಎಂತ ಅಂತ ಒಮ್ಮೆ ಕೇಳಿದ್ದೀರಾ? ಮೂರ್ತೆಯ ಕತ್ತಿ. ಪಾರ್ಕಲ್ಲಿ ಕೈ ಮುಗಿಯುವುದು, ಪೇಜಲ್ಲಿ ನಗುವುದು, ಎರಡೂ ಒಟ್ಟಿಗೆ ಆಗೋದಿಲ್ಲ.

7/7
ನಾನು ರೀಸ್ಲಿಂಗ್ ಬಿಡಿ ಅಂತ ಹೇಳ್ತಿಲ್ಲ. ಚಂದದ ವೈನ್ ಅದು, ಅದನ್ನು ಮಾಡಿದವರ ಶ್ರಮಕ್ಕೆ ನನ್ನ ನಮಸ್ಕಾರ. ಅದೇ ನಮಸ್ಕಾರ ಇಲ್ಲಿಯ ಮರದ ಬುಡದಲ್ಲೂ ಇರಲಿ ಅಂತ ಮಾತ್ರ ಕೇಳುವುದು.

ಮಾಡಬೇಕಾದ್ದು ಎರಡೇ. ಯಾವುದೇ ರುಚಿ ನೋಡಿದಾಗ ಮೊಬೈಲಿನ ಶಬ್ದ ಸಾಲ ತರಬೇಡಿ. ಬಿಂಬುಳಿ, ಪುನರ್ಪುಳಿ, ಚಿಮಣಿ ಎಣ್ಣೆ ಅಂತ ನಿಮ್ಮ ನಾಲಗೆಗೆ ಗೊತ್ತಿದ್ದದ್ದನ್ನು ಹೇಳಿ. ಮತ್ತೆ, ಹೋದ ವರ್ಷದ ಆ ಫೋಟೋದ ಕೆಳಗೆ ಬರೆದವರು ಹೋಗಿ ನಿಮ್ಮ ಕಮೆಂಟನ್ನು ನೀವೇ ತೆಗೀರಿ. ನಾನು ತೆಗೆಯೋದಿಲ್ಲ.

ಕೊನೆಯ ಸ್ಲೈಡಲ್ಲಿ ಕತ್ತಿಯ ಫೋಟೋ ಪುನಃ ಹಾಕಿದ್ದೇನೆ, ಎರಡು ಬಾಟಲಿಯ ನಡುವೆ ಇಟ್ಟು. ಇಟ್ಟುಕೊಟ್ಟದ್ದು ಅಜ್ಜಿ.

ನನ್ನಜ್ಜ ಮೂರ್ತೆಯವರು. ಈಗ ಕೇಳಿ, ಮನೆಯವರ ಕಸುಬು ಎಂತ ಅಂತ.

#ಕುಕ್ಕುಂದೂರು #ಕಾರ್ಕಳ #ಮೂರ್ತೆ #ಕಾಂಡೆದಬಯ್ಯದ