ಹಗುರವಾದ ಬೈಸಿಕಲ್ಲು

ಇಪ್ಪತ್ತು ವರ್ಷಗಳ ತರುವಾಯ ಮತ್ತೆ ಬೈಸಿಕಲ್ಲು ಏರಲೆಳಸುವ ಗೃಹಸ್ಥರು ಅಂಗಡಿಯಲ್ಲಿ ಮೊದಲು ವಿಚಾರಿಸುವುದು ಅದರ ತೂಕವನ್ನು. ನಾನೂ ಹಾಗೆಯೇ ಮಾಡಿದೆನು. 10 ಕಿಲೋಗ್ರಾಮಿನ ಅಲ್ಯುಮಿನಿಯಂ ಗಾಡಿಯನ್ನು ಬಿಟ್ಟು, ಇಮ್ಮಡಿ ಹಣ ತೆತ್ತು, 8 ಕಿಲೋಗ್ರಾಮಿನ ಕಾರ್ಬನ್ ಗಾಡಿಯನ್ನು ಕೊಂಡೆನು. ನನ್ನ ತೂಕ 75 ಕಿಲೋಗ್ರಾಂ. ಏರಿನಲ್ಲಿ ಹೊರಬೇಕಾದ ಒಟ್ಟು ಭಾರವು 85ರಿಂದ 83ಕ್ಕೆ ಇಳಿಯಿತು, ಅಷ್ಟೆ. ಬೆಂಗಳೂರಿನ ಸವಾರರಿಗೆ ಪ್ರಿಯವಾದ ನಂದಿಬೆಟ್ಟವನ್ನು ಒಂದು ಗಂಟೆಯಲ್ಲಿ ಹತ್ತುವವನಿಗೆ ಇದರಿಂದ ಉಳಿಯುವುದು ಸುಮಾರು ಒಂದೂವರೆ ನಿಮಿಷ. ಚೌಕಟ್ಟು ನನ್ನ ಅಳತೆಗೆ ಹೊಂದದೆ, ಸೊಂಟದ ನೋವು ಆ ಲಾಭವನ್ನೆಲ್ಲ ನುಂಗಿತು.

ಆದುದರಿಂದ ವಾಚಕರು ಮೊದಲು ಮೈಯಳತೆಗೊಪ್ಪುವ ಚೌಕಟ್ಟನ್ನೂ, ಬಳಿಕ ಹಳ್ಳದಿಣ್ಣೆಗಳನ್ನು ತಾಳಬಲ್ಲ 28ರಿಂದ 32 ಮಿಲಿಮೀಟರು ಅಗಲದ ಟೈರನ್ನೂ, ಏರಿಗೆ ತಕ್ಕ ಸಣ್ಣ ಗೇರನ್ನೂ ನೋಡತಕ್ಕದ್ದು. ತೂಕವನ್ನು ಕಡೆಗೆ ಕೇಳಿದರಾಯಿತು. ಗೋಡೆಗೊರಗಿ ನಿಂತ ಬೈಸಿಕಲ್ಲು ಎಷ್ಟು ಹಗುರವಾದರೇನು?