ಕಾಗದದಲ್ಲಿ ಉಳಿದ ಗೆಲುವು

ಪಂದ್ಯದ ಲೆಕ್ಕ ಲೋಕದ ಸೊತ್ತು. ಪಂದ್ಯದ ನೆನಪು ಮನೆಯ ಸೊತ್ತು. 1983ರ ಜೂನ್ 25ರಂದು ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಭಾರತ 183 ರನ್ನು ಗಳಿಸಿ, ವೆಸ್ಟ್ ಇಂಡೀಸ್ ತಂಡವನ್ನು 140ಕ್ಕೆ ಉರುಳಿಸಿ ವಿಶ್ವಕಪ್ಪನ್ನು ಗೆದ್ದಿತೆಂಬುದನ್ನು ಯಾರು ಬೇಕಾದರೂ ಓದಿ ತಿಳಿಯಬಹುದು. ಆದರೆ ಆ ಶನಿವಾರ ಸರಿರಾತ್ರಿಯವರೆಗೆ ರೇಡಿಯೋದ ಮುಂದೆ ಕುಳಿತಿದ್ದವರು ಯಾರು, 183 ಸಾಲದೆಂದು ಮುನಿದು ಮಲಗಿದವರು ಯಾರು, ಮರುದಿನ ಪತ್ರಿಕೆಗಾಗಿ ಬಾಗಿಲಲ್ಲಿ ಕಾದು ನಿಂತವರು ಯಾರು? ಇದನ್ನು ಯಾವ ಗ್ರಂಥಾಲಯವೂ ಹೇಳಲಾರದು. ಮನೆಯವರೇ ಅಂಟಿಸಿ, ಬರೆದಿಟ್ಟ ಪುಸ್ತಕವೊಂದೇ ಅದನ್ನು ಹೇಳಬಲ್ಲದು.

ಅಂಥ ಪುಸ್ತಕದ ಸಾಮಗ್ರಿ ಅನೇಕ ಮನೆಗಳ ಟ್ರಂಕಿನ ತಳದಲ್ಲಿ ಇಂದಿಗೂ ಇದ್ದೀತು. ಕಪಿಲ್ ದೇವ್ ಕಪ್ಪನ್ನೆತ್ತಿ ಹಿಡಿದ ಚಿತ್ರ, ಸುದ್ದಿಯ ತುಣುಕು, ನೆರೆಯವರೊಡನೆ ತೆಗೆಸಿದ ಒಂದು ಫೋಟೋ. ಆದರೆ ಕತ್ತರಿ ಹಿಡಿದವರು ಅಂದಗಾಣಲೆಂದು ಅಂಚನ್ನು ಸವರಿದಾಗ ಪತ್ರಿಕೆಯ ಹೆಸರೂ ತಾರೀಖೂ ಕಸದ ಬುಟ್ಟಿಗೆ ಹೋಗಿರುತ್ತವೆ. ಫೋಟೋದ ಹಿಂಬದಿ ಬರಿದಾಗಿರುತ್ತದೆ. ಗುರುತು ಹೇಳಬಲ್ಲ ಹಿರಿಯರು ಇರುವವರೆಗೆ ಅವು ನೆನಪುಗಳು. ಅವರು ಕಣ್ಮರೆಯಾದ ಮೇಲೆ ಬರಿಯ ಕಾಗದದ ಚೂರುಗಳು. ಅಂದು ನಲವತ್ತು ದಾಟಿದ್ದವರಿಗೆ ಇಂದು ಎಂಬತ್ತು ಕಳೆದಿದೆ ಎಂಬುದನ್ನು ಮರೆಯಲಾಗದು.

ಕಣ್ಣಿಗೆ ಸಿಗದುದನ್ನು ಮಾತೂ ಬರಹವೂ ಹೇಗೆ ಉಳಿಸಬಲ್ಲವೆಂಬುದಕ್ಕೆ ಅದೇ ವಿಶ್ವಕಪ್ಪು ಸಾಕ್ಷಿ ಒದಗಿಸಿದೆ. ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆಯ ಎದುರು ಭಾರತ 17 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಅಲ್ಲಿಂದ ಕಪಿಲ್ ದೇವ್ ಅಜೇಯರಾಗಿ 175 ರನ್ನು ಹೊಡೆದರು. ಕರ್ನಾಟಕದ ಸೈಯದ್ ಕಿರ್ಮಾನಿ ಅವರೊಡನೆ ನಿಂತು ಒಂಬತ್ತನೆಯ ವಿಕೆಟ್ಟಿಗೆ ಮುರಿಯದ 126 ರನ್ನುಗಳ ಜೊತೆಯಾಟ ನೀಡಿದರು. ಆ ಆಟದ ಟೆಲಿವಿಷನ್ ಚಿತ್ರಣವೇ ಇಲ್ಲ. ಅದು ಇಂದು ಬದುಕಿರುವುದು ಕಂಡವರ ಮಾತಿನಲ್ಲಿ, ಅಂದಿನ ಪತ್ರಿಕೆಗಳ ಪುಟಗಳಲ್ಲಿ. ಆ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, ಅಂದರೆ 18 ವಿಕೆಟ್ ಪಡೆದವರು ಬೆಂಗಳೂರಿನ ರೋಜರ್ ಬಿನ್ನಿ. ಕನ್ನಡ ನಾಡಿನ ಮನೆಗಳ ಪುಸ್ತಕದಲ್ಲಿ ಈ ಇಬ್ಬರಿಗೂ ಒಂದೊಂದು ಪುಟ ಸಲ್ಲಬೇಕಾದುದೇ.

ಇನ್ನು ಕೆಲಸದ ಮಾತು. ಪತ್ರಿಕೆಯ ಕಾಗದ ಮರದ ತಿರುಳಿನಿಂದಾದುದು. ಅದರಲ್ಲಿ ಉಳಿದಿರುವ ಲಿಗ್ನಿನ್ ಎಂಬ ದ್ರವ್ಯ ಗಾಳಿ ಬೆಳಕುಗಳಿಂದ ಹಳದಿಯಾಗುತ್ತದೆ. ಕಾಗದವೂ ಪುಡಿಪುಡಿಯಾಗುತ್ತ ಬರುತ್ತದೆ. ಆದುದರಿಂದ ಪ್ರತಿ ತುಣುಕಿಗೂ ಒಳ್ಳೆಯ ಕಾಗದದ ಮೇಲೆ ಜೆರಾಕ್ಸ್ ಪ್ರತಿ ತೆಗೆಸಿ, ಪುಸ್ತಕದಲ್ಲಿ ಅದನ್ನು ಅಂಟಿಸುವುದು ಲೇಸು. ಮೂಲವನ್ನು ಬೇರೆ ಲಕೋಟೆಯಲ್ಲಿ, ಬಿಸಿಲೂ ತೇವವೂ ತಾಗದ ಕಡೆ ಇಡಬೇಕು. ಸೆಲ್ಲೋಟೇಪು ಬೇಡ; ಅದು ಕೆಲವೇ ವರ್ಷಗಳಲ್ಲಿ ಕಂದಿ ಕಲೆಯುಳಿಸುತ್ತದೆ. ಮೈದಾದ ಅಂಟು ಜಿರಲೆಗೆ ಔತಣ. ಫೋಟೋಗಳಿಗೆ ಅಂಟನ್ನೇ ಬಳಸದೆ, ನಾಲ್ಕು ಮೂಲೆಗಳನ್ನು ಕಾಗದದ ಸೀಳಿನಲ್ಲಿ ಸಿಕ್ಕಿಸಿದರೆ ಸಾಕು. ಹಿಂಬದಿಯ ಹೆಸರನ್ನು ಬೇಕೆಂದಾಗ ನೋಡಲೂಬಹುದು. ಆ ಹೆಸರನ್ನು ಮೆದು ಪೆನ್ಸಿಲಿನಿಂದ, ಒತ್ತದೆ ಬರೆಯಬೇಕು.

ಅಂಟಿಸುವುದಕ್ಕಿಂತ ಮುಖ್ಯವಾದುದು ಬರೆಯುವುದು. ಒಂದು ಪುಟದಲ್ಲಿ ಪತ್ರಿಕೆಯ ತುಣುಕಿದ್ದರೆ ಎದುರಿನ ಪುಟ ಮನೆಯವರಿಗೆ ಮೀಸಲಾಗಿರಲಿ. ಅಜ್ಜ ಹೇಳಿದುದನ್ನು ಮೊಮ್ಮಗಳು ಅವರ ಮಾತಿನಲ್ಲಿಯೇ ಬರೆದುಕೊಳ್ಳಲಿ. ರಾತ್ರಿಯೆಲ್ಲ ಕಾಫಿ ಕಾಸಿದ ಅಜ್ಜಿಗೆ ಆಟಕ್ಕಿಂತ ಹಾಲು ಸಾಲದೆ ಹೋದುದೇ ನೆನಪಿದ್ದರೆ ಅದನ್ನೂ ಬಿಡಬಾರದು. ರೇಡಿಯೋ ತಮ್ಮ ಮನೆಯದೆಂದು ದೊಡ್ಡಪ್ಪನೂ ನೆರೆಮನೆಯದೆಂದು ಚಿಕ್ಕಪ್ಪನೂ ಸಾಧಿಸಿದರೆ ತೀರ್ಪು ಕೊಡುವ ಗೊಡವೆ ಬೇಡ. ಎರಡನ್ನೂ ಅವರವರ ಹೆಸರಿನಲ್ಲಿ ಬರೆದಿಡಬಹುದು.

ಇಂದಿನ ಮಕ್ಕಳ ಫೋನಿನಲ್ಲಿ ಚಿತ್ರಗಳಿಗೆ ಬರವಿಲ್ಲ. ಆದರೆ ಸಾವಿರದ ನಡುವೆ ಬೇಕಾದ ಒಂದನ್ನು ಆರಿಸಿ, ಅದರಲ್ಲಿರುವವರು ಯಾರೆಂದು ಬರೆದಿಡುವ ಕೆಲಸವನ್ನು ಫೋನು ತಾನಾಗಿ ಮಾಡದು. ಕತ್ತರಿ, ಕಾಗದ, ಪೆನ್ಸಿಲುಗಳನ್ನು ನಾಳೆ ಕೊಂಡರೂ ಆದೀತು. ಹಿರಿಯರನ್ನು ಕೇಳುವ ಕೆಲಸ ಮಾತ್ರ ಇಂದೇ ಆಗಬೇಕು.